ಸುಮ್ಮನೆ ನಿಲ್ಲುವ ತರಬೇತಿ

ಒಬ್ಬಳು ಮೈಮುರಿದು ದುಡಿಯುತ್ತಿರುವಾಗ ಇನ್ನೊಬ್ಬಳು ಪಕ್ಕದಲ್ಲೇ ಸುಮ್ಮನೆ ನಿಂತಿರಬಹುದು, ಯಾರೂ ಏನೂ ಅನ್ನುವುದಿಲ್ಲ, ಅಂಥದೊಂದು ಜಾಗ ಈ ಭೂಮಿಯ ಮೇಲಿದೆ ಎಂದು ನನಗೆ ಮೊದಲು ಹೇಳಿದವಳು ನನ್ನ ಓರಗಿತ್ತಿ. ನಾನು ನಂಬಲಿಲ್ಲ. ಒಂದೇ ಅತ್ತೆಯ ಕೈಕೆಳಗೆ ಇಬ್ಬರು ಸೊಸೆಯರು ಅಂದಮೇಲೆ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಆದರೆ ಅವು ಅಡುಗೆಮನೆ ದಾಟಿ ಅಂತರರಾಷ್ಟ್ರೀಯ ಮಟ್ಟಕ್ಕೆ ಹೋಗುತ್ತವೆ ಅಂತ ನಾನು ಎಣಿಸಿರಲಿಲ್ಲ.

ಓರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ಭಾವನವರ ಹೆಂಡತಿ. ಸಿಂಗಪುರದ ಬ್ಯೂನಾ ವಿಸ್ಟಾದ ಕಾಂಡೋದಲ್ಲಿ ಮನೆ, ಹತ್ತಿರದ ಲ್ಯಾಬಿನಲ್ಲಿ ಕೆಲಸ. ನಾನಿರುವುದು ಕ್ಲೆಮೆಂಟಿಯ ಫ್ಲ್ಯಾಟಿನಲ್ಲಿ, ದಿನಾ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಓಡಾಟ. ನಮ್ಮಿಬ್ಬರ ಮಧ್ಯೆ ಇರುವುದು ಒಂದೇ ಒಂದು ಎಂಆರ್‌ಟಿ ರೈಲು ಸ್ಟೇಷನ್.

ಅವಳು ಹೇಳಿದ ಜಾಗ ಒಂದು ರೇಸು. ಬಯಲಲ್ಲಿ ಅಲ್ಲ, ಎಸಿ ಹಾಕಿದ ದೊಡ್ಡ ಹಾಲಿನೊಳಗೆ. ಒಂದಷ್ಟು ಓಡಬೇಕು, ನಿಂತು ಒಂದು ಕೆಲಸ ಮಾಡಬೇಕು, ಮತ್ತೆ ಓಟ, ಮತ್ತೆ ಕೆಲಸ. ಕೆಲಸ ಅಂದರೆ ತೂಕ ಹೇರಿದ, ಚಕ್ರವೇ ಇಲ್ಲದ ಬಂಡಿಯಂಥ ಸ್ಲೆಡ್ ತಳ್ಳುವುದು, ಹಗ್ಗ ಹಾಕಿ ಎಳೆಯುವುದು, ಮರಳಿನ ಚೀಲ ಹೆಗಲಿಗೇರಿಸಿ ಹೆಜ್ಜೆಗೊಮ್ಮೆ ಮಂಡಿ ಊರುವುದು, ಕೊನೆಯಲ್ಲಿ ಭಾರದ ಚೆಂಡನ್ನು ಗೋಡೆಯ ಮೇಲಿನ ಗುರುತಿಗೆ ಎಸೆಯುವುದು. ಡಬಲ್ಸ್‌ನಲ್ಲಿ ಇಬ್ಬರೂ ಜೊತೆಗೆ ಓಡಬೇಕು, ಕೆಲಸ ಮಾತ್ರ ಹಂಚಿಕೊಳ್ಳಬಹುದು. ಒಬ್ಬಳು ಮಾಡುವಾಗ ಇನ್ನೊಬ್ಬಳು ಮುಟ್ಟುವಂತಿಲ್ಲ. ಮುಟ್ಟಿದರೆ ದಂಡ. ಗೊತ್ತುಪಡಿಸಿದ ಸಮಯ ಮೀರಿದರೆ ಕೊನೆಯ ಗೆರೆ ದಾಟುವುದಕ್ಕೇ ಬಿಡುವುದಿಲ್ಲ. ಈ ಸಲದ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ಸಿಂಗಪುರದಲ್ಲೇ. ಅದಕ್ಕೆ ಮೊದಲು ಅರ್ಹತಾ ರೇಸು.

"ನಲವತ್ತು ದಾಟಿದ ಮೇಲೆ ನಮಗ್ಯಾಕೆ ಅಕ್ಕ ಇದೆಲ್ಲ?" ಅಂದೆ.

ಅಕ್ಕ ಮೈಸೂರಿನಲ್ಲಿ ಕಾಲೇಜು ಓದುವಾಗ ನಾನೂರು ಮೀಟರ್ ಓಡುತ್ತಿದ್ದವಳು. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಸೆಲೆಕ್ಟ್ ಆದಳು. ಅದೇ ವಾರ ಅವಳ ನಿಶ್ಚಿತಾರ್ಥ. ಟ್ರ್ಯಾಕಿನ ಬದಲು ಮಣೆಯ ಮೇಲೆ ಕೂತಳು. "ಎದೆ ಮೇಲೆ ನಂಬರ್ ಅಂಟಿಸ್ಕೊಂಡು ಒಂದೇ ಒಂದ್ ಸಲ ದೊಡ್ಡ ಲೈನ್ ದಾಟ್ಬೇಕು ಕಣೇ. ಮಂಡಿ ಈ ವರ್ಷ ತಡೆಯುತ್ತಂತೆ. ಮುಂದಿನ ವರ್ಷದ ಮಾತು ಡಾಕ್ಟರ್ ಕೊಡ್ಲಿಲ್ಲ."

ಆಮೇಲೆ ಇಲ್ಲ ಅನ್ನುವುದು ಹೇಗೆ?

ಯಾವ ಏಜೆನ್ಸಿ?

ನಮ್ಮ ಕೋಚ್ ಇಲ್ಲಿನವನೇ ಆದ ಚೀನೀ ತರುಣ. ಮೊದಲ ದಿನವೇ ನನ್ನನ್ನು "ಆಂಟಿ" ಅಂದು ಮನಸ್ಸು ಮುರಿದ. ಎರಡನೆಯ ದಿನ ನನ್ನ ರೋಗ ಪತ್ತೆ ಮಾಡಿದ: ನನಗೆ ಸುಸ್ತಾಗುವುದು ಕೆಲಸದಿಂದ ಅಲ್ಲ, ವಿಶ್ರಾಂತಿಯಿಂದ.

ಅಕ್ಕ ರೋಯಿಂಗ್ ಮೆಷಿನ್ನಿನಲ್ಲಿ ಕೂತು ಎಳೆಯುತ್ತಿದ್ದಾಗ ನಾನು ನಿಂತು ಉಸಿರು ತೆಗೆದುಕೊಳ್ಳಬೇಕಿತ್ತು. ಮದುವೆಯಾದಂದಿನಿಂದ ಅಕ್ಕ ಚಪಾತಿ ಲಟ್ಟಿಸುವಾಗ ನಾನು ಬೇಯಿಸಿದ್ದೇನೆ, ಅಕ್ಕ ಬಡಿಸುವಾಗ ನಾನು ಎಲೆ ಹಾಕಿದ್ದೇನೆ. ಅವಳು ಬೆವರುವಾಗ ನಾನು ಕೈಕಟ್ಟಿ ನಿಂತದ್ದು ನೆನಪೇ ಇಲ್ಲ. ಕೈ ತಾನಾಗಿ ಹೋಯಿತು. ಪಕ್ಕದ ಮೆಷಿನ್ ಒರೆಸಿದೆ. ಯಾರದೋ ಟವೆಲ್ ಮಡಚಿದೆ. ಅಲ್ಲಿ ಇಲ್ಲಿ ಬಿದ್ದಿದ್ದ ಡಂಬೆಲ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ, ಡಬ್ಬಿ ಜೋಡಿಸಿದ ಹಾಗೆ ಜೋಡಿಸಿದೆ.

"ಆಂಟಿ! ವೈ ಯು ಕ್ಲೀನಿಂಗ್ ಮೈ ಜಿಮ್? ರೆಸ್ಟ್ ಲಾ, ರೆಸ್ಟ್!" ಎಂದು ಕೋಚ್ ಕಿರುಚಿದ.

ಅಕ್ಕ ಎಳೆಯುತ್ತಲೇ, ಹಲ್ಲು ಕಚ್ಚಿ, "ನೀನು ಹೀಗೇ ಮಾಡ್ತಿದ್ರೆ ಸ್ಲೆಡ್ ಹತ್ರ ಬರೋ ಹೊತ್ತಿಗೆ ಸತ್ತಿರ್ತೀಯ. ನಿನ್ ಜೊತೆ ನಾನೂ ಔಟು" ಅಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಹೆದರಿ ಮಾರನೆಯ ದಿನದಿಂದ ಗೋಡೆಗೆ ಮುಖ ಮಾಡಿ ನಿಂತೆ. ಗೋಡೆಯಲ್ಲಿ ಕಲೆ ಕಂಡಿತು. ಉಜ್ಜಿದೆ. ಜಿಮ್ ಗುಡಿಸುವ ಹೆಂಗಸು ವಾರವೆಲ್ಲ ನನ್ನನ್ನು ಗಮನಿಸುತ್ತಿದ್ದವರು, ಕೊನೆಗೆ ಹತ್ತಿರ ಬಂದು ಮೆತ್ತಗೆ ಕೇಳಿದರು, "ನೀವು ಯಾವ ಏಜೆನ್ಸಿ ಮೂಲಕ ಬಂದಿದ್ದು?"

ನಮ್ಮ ಹೆಸರಲ್ಲೂ ಒಂದು ಸುತ್ತು

ಮರಳಿನ ಚೀಲದ ಅಭ್ಯಾಸ ಮನೆಯಲ್ಲೇ ಮಾಡಿ ಅಂದ ಕೋಚ್. ಮರಳು ಎಲ್ಲಿಂದ ತರುವುದು? ಅಕ್ಕಿ ಮೂಟೆ ಇತ್ತು. ಬೆಳಿಗ್ಗೆ ನಮ್ಮ ಬ್ಲಾಕಿನ ಕೆಳಗೆ, ಖಾಲಿ ಬಿದ್ದಿರುವ ವಾಯ್ಡ್ ಡೆಕ್ಕಿನಲ್ಲಿ, ಸೋನಾ ಮಸೂರಿಯನ್ನು ಹೆಗಲಿಗೇರಿಸಿ ಹೆಜ್ಜೆಗೊಮ್ಮೆ ಮಂಡಿ ಊರುತ್ತ ಕಂಬಗಳ ಸುತ್ತ ಹೊರಟೆ. ತುಟಿಯಲ್ಲಿ ಎಣಿಕೆ. ಕಣ್ಣಲ್ಲಿ ನೀರು.

ಎಂಟನೇ ಮಹಡಿಯಲ್ಲಿ ಮಂಡ್ಯದ ಕಡೆಯವರೊಬ್ಬರಿದ್ದಾರೆ. ಹಾಲಿಗೆ ಅಂತ ಇಳಿದವರು ನನ್ನನ್ನು ಕಂಡು ನಿಂತರು. ಚಪ್ಪಲಿ ಬಿಟ್ಟರು. ನಾನು ಹತ್ತಿರ ಬರುವವರೆಗೆ ಕಾದು, ಪಿಸುಮಾತಿನಲ್ಲಿ, "ಯಾವ ದೇವ್ರಿಗೆ ಹರಕೆ ರೀ?" ಅಂದರು.

ಉಸಿರು ಸಿಗದೆ ಬರೀ ತಲೆ ಆಡಿಸಿದೆ.

"ಹೇಳ್ಬಾರ್ದು ಅಂತ ಇದ್ರೆ ಬೇಡ ಬಿಡಿ. ಅಲ್ಲ, ನಮ್ ಮಗಂಗೆ ಈ ಸಲ ಪಿಎಸ್‌ಎಲ್‌ಇ ಪರೀಕ್ಷೆ. ಮ್ಯಾಥ್ಸ್ ಸ್ವಲ್ಪ ವೀಕು. ನಮ್ಮ ಹೆಸರಲ್ಲೂ ಒಂದು ಸುತ್ತು ಹಾಕ್ತೀರಾ?"

ವಿವರಿಸಲು ದಮ್ಮು ಇರಲಿಲ್ಲ. ಹೇಗೂ ಒಂದು ಸುತ್ತು ಬಾಕಿ ಇತ್ತು, ಹಾಕಿದೆ. ಹಿಂದಿನಿಂದ ಕೂಗಿದರು, "ಸೈನ್ಸೂ ವೀಕೇ ರೀ!"

ಅತ್ತೆ ಕಂಡ ಅಂಗೈ

ಅರ್ಹತಾ ರೇಸಿಗೆ ಇನ್ನು ಕೆಲವೇ ವಾರ ಇದ್ದಾಗ ಮೈಸೂರಿನಿಂದ ಅತ್ತೆ ಬಂದರು. ಅತ್ತೆ ನ್ಯಾಯವಂತರು. ಒಂದು ಒಬ್ಬಟ್ಟನ್ನು ಇಬ್ಬರಿಗೆ ಕೊಟ್ಟರೆ ಯಾವ ತುಂಡು ದೊಡ್ಡದು ಅಂತ ಹೇಳಲಾಗದು. ಇಲ್ಲಿಗೆ ಬಂದರೂ ಅಷ್ಟೇ, ಅಲ್ಲಿ ಎಷ್ಟು ದಿನವೋ ಇಲ್ಲೂ ಅಷ್ಟೇ ದಿನ. ಕೆಲಸದ ವಿಷಯದಲ್ಲೂ ಒಂದೇ ಕಾಯಿದೆ: ಒಬ್ಬ ಸೊಸೆ ನಿಂತಿದ್ದರೆ ಇನ್ನೊಬ್ಬಳು ಕೂರಬಾರದು.

ರೇಸಿನ ವಿಷಯ ಅವರಿಗೆ ಹೇಳಿರಲಿಲ್ಲ. ಹೇಳಿದರೆ "ಈ ವಯಸ್ಸಲ್ಲಿ?" ಅಂತ ಶುರುವಾಗುತ್ತದೆ, ಅಕ್ಕನ ಮಂಡಿಗೆ ಎಣ್ಣೆ ಹಚ್ಚಿ ಮಂಚದ ಮೇಲೆ ಮಲಗಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ಓಡಾಡಿದೆವು. "ಆಫೀಸಲ್ಲಿ ಬೇಗ ಮೀಟಿಂಗ್ ಅತ್ತೆ." ದಿನಾ ಬೆಳಗಾಗುವ ಮುಂಚೆ, ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ಮೀಟಿಂಗ್.

ಒಂದು ದಿನ ಅತ್ತೆ ಕುಂಕುಮ ಕೊಡುವಾಗ ನನ್ನ ಅಂಗೈ ಹಿಡಿದರು. ಹಗ್ಗ ಎಳೆದು ಎಳೆದು ಅದು ದಡ್ಡುಗಟ್ಟಿತ್ತು. ಅಕ್ಕನನ್ನೂ ಕರೆಸಿ ಅವಳ ಕೈ ನೋಡಿದರು. ಅದೂ ಹಾಗೇ. ಅತ್ತೆಯ ಮುಖ ಗಂಭೀರವಾಯಿತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇಬ್ಬರು ಗಂಡುಮಕ್ಕಳಿಗೂ ಫೋನ್ ಹೋಯಿತು.

"ಪರದೇಶಕ್ಕೆ ಕರ್ಕೊಂಡ್ ಬಂದು ಹೆಣ್ಮಕ್ಕಳ ಕೈ ಏನ್ ಮಾಡಿಟ್ಟಿದೀರೋ! ಒಂದು ಪಾತ್ರೆ ತೊಳೆಯೋ ಯೋಗ್ಯತೆ ಇಲ್ವಾ ನಿಮಗೆ?"

ಅಂದು ಸಂಜೆಯಿಂದ ಎರಡೂ ಮನೆಗಳಲ್ಲಿ ಗಂಡಸರು ಪಾತ್ರೆ ತೊಳೆಯತೊಡಗಿದರು. ಅತ್ತೆಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸುವ ಸಂದರ್ಭ ನಮಗೇಕೋ ಒದಗಿ ಬರಲಿಲ್ಲ.

ಎರಡು ಜೊತೆ ಕೈ

ಗುಟ್ಟು ಒಡೆದದ್ದು ಎಂಟನೇ ಮಹಡಿಯಿಂದ. ಲಿಫ್ಟಿನಲ್ಲಿ ಮಂಡ್ಯದವರು ಅತ್ತೆಗೆ ಕೈ ಮುಗಿದು, "ಎಂಥಾ ಸೊಸೆ ರೀ ನಿಮ್ದು! ಅಕ್ಕಿ ಮೂಟೆ ಹೊತ್ಕೊಂಡು ಮಂಡೀಲಿ ಪ್ರದಕ್ಷಿಣೆ ಹಾಕ್ತಾರೆ" ಅಂದುಬಿಟ್ಟರು.

ಅತ್ತೆ ನನ್ನನ್ನು ಕೂರಿಸಿ ಕೇಳಿದರು. ಹರಕೆ ಅಂದಿದ್ದರೆ ಬಚಾವಾಗುತ್ತಿದ್ದೆ. ದೇವರ ವಿಷಯದಲ್ಲಿ ಸುಳ್ಳು ಬಾಯಿಗೆ ಬರಲಿಲ್ಲ. ರೇಸು ಅಂದೆ.

"ಗೆದ್ರೆ ಏನ್ ಕೊಡ್ತಾರೆ?"

"ಗೆಲ್ಲಲ್ಲ ಅತ್ತೆ. ಮುಗಿಸಿದ್ರೆ ಒಂದು ಪದಕ."

ಅತ್ತೆ ಯೋಚಿಸಿದರು. "ಇಬ್ಬರಿಗೂ ಒಂದೇನಾ?"

"ಇಲ್ಲ, ಒಂದೊಂದು."

"ಹಾಗಾದ್ರೆ ಸರಿ. ನಾನೂ ಬರ್ತೀನಿ."

ಅರ್ಹತಾ ರೇಸಿನ ದಿನ ಹಾಲಿನ ಕಟಕಟೆಗೆ ಒರಗಿ ಅತ್ತೆ ನಿಂತರು, ರೇಷ್ಮೆ ಸೀರೆ, ಕೈಯಲ್ಲಿ ನೀರಿನ ಬಾಟಲಿ. ಮೊದಲ ಓಟ ಚೆನ್ನಾಗಿಯೇ ಆಯಿತು. ಸ್ಲೆಡ್ ಬಂತು. ಅಕ್ಕನ ಕಾಲು ನನಗಿಂತ ಗಟ್ಟಿ. ಹೆಚ್ಚು ದೂರ ಅವಳೇ ತಳ್ಳಬೇಕು ಅನ್ನುವುದು ಕೋಚ್ ಹಾಕಿಕೊಟ್ಟ ಲೆಕ್ಕ. ಅವಳು ತಲೆ ತಗ್ಗಿಸಿ, ಕತ್ತಿನ ನರ ಉಬ್ಬಿ, ತಳ್ಳುತ್ತಿದ್ದಳು. ನಾನು ಹಿಂದೆ ನಿಂತಿದ್ದೆ. ಜಿಮ್ಮಿನಲ್ಲಿ ಕಲಿತ ಹಾಗೆ, ಸುಮ್ಮನೆ.

ಆಗ ಅಷ್ಟು ಗದ್ದಲ, ಅಷ್ಟು ಸಂಗೀತ ಸೀಳಿಕೊಂಡು ಆ ದನಿ ಬಂತು.

"ಏನೇ ಸುಮ್ನೆ ನಿಂತಿದೀಯಾ! ಅವಳೊಬ್ಳೇ ತಳ್ತಿದಾಳೆ, ಕಣ್ಣು ಕಾಣಲ್ವಾ?"

ನಾನು ಯೋಚಿಸಲಿಲ್ಲ. ಬ್ಯಾಂಕಿನಲ್ಲಿ ರಿಸ್ಕ್ ವಿಭಾಗದಲ್ಲಿರುವವಳು ನಾನು, ಯೋಚಿಸುವುದೇ ನನ್ನ ಕೆಲಸ, ಆದರೂ ಯೋಚಿಸಲಿಲ್ಲ. ಓಡಿಹೋಗಿ ಸ್ಲೆಡ್ಡಿಗೆ ಕೈ ಕೊಟ್ಟೆ. ಜಡ್ಜ್ ಸೀಟಿ ಊದಿದ. ದಂಡ ಬಿತ್ತು. ನಮ್ಮನ್ನು ಒಂದು ಚೌಕದೊಳಗೆ ನಿಲ್ಲಿಸಿದರು. ಗಡಿಯಾರ ಓಡುತ್ತಿತ್ತು, ಬೇರೆ ಜೋಡಿಗಳು ಒಂದೊಂದಾಗಿ ದಾಟಿ ಹೋದವು. ಇನ್ನೊಮ್ಮೆ ಹೀಗಾದರೆ ಹೊರಗೆ, ಚಾಂಪಿಯನ್‌ಶಿಪ್ಪಿನಲ್ಲಂತೂ ಮೊದಲ ತಪ್ಪಿಗೇ ಹೊರಗೆ ಎಂದು ಜಡ್ಜ್ ಬೆರಳು ಎತ್ತಿ ಹೇಳಿದ. ಅಕ್ಕ ನನ್ನ ಮುಖ ನೋಡಲಿಲ್ಲ.

ಉಳಿದದ್ದು ಹೇಗೆ ಮುಗಿಸಿದೆವೋ ಗೊತ್ತಿಲ್ಲ. ಅರ್ಹರಾದವರ ಪಟ್ಟಿ ಗೋಡೆಯ ಪರದೆಯ ಮೇಲೆ ಬಂದಾಗ ಮೇಲಿನಿಂದ ಓದುತ್ತ ಬಂದೆವು, ನಮ್ಮ ಹೆಸರಿಲ್ಲ, ಇಲ್ಲ, ಇಲ್ಲ. ಕಟ್ಟಕಡೆಯ ಸಾಲಿನಲ್ಲಿ ಇತ್ತು. ನಾನು ನೆಲದ ಮೇಲೆ ಕುಸಿದೆ.

ಅತ್ತೆ ಬಂದು ನನ್ನ ತಲೆ ಸವರಿ, ಹೆಮ್ಮೆಯಿಂದ, "ನಾನು ನೋಡಿ ಹೇಳಿದ್ದಕ್ಕೆ ಆಯ್ತು" ಅಂದರು.

ಬ್ಯೂನಾ ವಿಸ್ಟಾದಲ್ಲಿ ಇಳಿದವರು

ವಾಪಸು ಬರುವಾಗ ರೈಲು ರಾಫೆಲ್ಸ್ ಪ್ಲೇಸ್ ದಾಟಿತು. ಆಮೇಲೆ ಅಕ್ಕ, ಕಿಟಕಿ ಕಡೆ ನೋಡುತ್ತ, ಶಾಂತವಾಗಿ ದಂಡದ ವಿಷಯ ಬಿಡಿಸಿ ಹೇಳಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ನಾನೂರು ಮೀಟರ್, ಸೆಲೆಕ್ಷನ್, ನಿಶ್ಚಿತಾರ್ಥದ ವಾರ, ಎಲ್ಲವೂ ಬಂತು.

ಅತ್ತೆ ಅವಳ ಕಡೆ ತಿರುಗಿದರು. "ಆಗ್ಲೇ ಹೇಳೋದಲ್ವೇನೇ? ಆ ಮುಹೂರ್ತ ಇಟ್ಟಿದ್ದೇ ನಾನು. ಒಂದು ವಾರ ಮುಂದಕ್ಕೆ ಹಾಕಿದ್ರೆ ಏನ್ ಮುಳುಗ್ತಿತ್ತು?"

"ಆಗ ಯಾರು ಕೇಳಿದ್ರು ಅತ್ತೆ?"

ಬ್ಯೂನಾ ವಿಸ್ಟಾ ಬಂದಾಗ ಅಕ್ಕ ಎದ್ದಳು. ಅತ್ತೆಯೂ ಎದ್ದರು. "ಅತ್ತೆ, ಈ ವಾರ ನಮ್ಮನೆ ಸರದಿ" ಅಂದೆ. "ಗೊತ್ತು ಕಣೇ" ಅಂದವರೇ ಅವಳ ಜೊತೆ ಇಳಿದುಹೋದರು. ನನಗೆ ತಿಳಿದ ಹಾಗೆ ಅತ್ತೆ ಲೆಕ್ಕ ತಪ್ಪಿದ್ದು ಅದೇ ಮೊದಲು. ಅವರ ಟೂತ್‌ಬ್ರಷ್ಷು, ರಕ್ತದೊತ್ತಡದ ಮಾತ್ರೆ, ರುದ್ರಾಕ್ಷಿ ಸರ ಎಲ್ಲ ನಮ್ಮ ಮನೆಯಲ್ಲೇ ಇದ್ದವು. ಸುಸ್ತಾದ ಕಾಲಿನಲ್ಲಿ ತಲುಪಿಸಲು ಹೋದವಳು ನಾನು.

ಪ್ಲಾಸ್ಟಿಕ್ ಕುರ್ಚಿ

ಕೋಚ್‌ಗೆ ಎಲ್ಲ ಹೇಳಿದೆವು. ಅವನು ನಗಲಿಲ್ಲ. ಅವನಿಗೂ ಅಜ್ಜಿ ಇದ್ದಾರಂತೆ. "ಬ್ರಿಂಗ್ ಹರ್" ಅಂದ.

ಹೀಗೆ ಜಿಮ್ಮಿನ ಮಧ್ಯೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು, ಅದರ ಮೇಲೆ ಅತ್ತೆ. ನಾನು ಅತ್ತೆಯ ಎದುರಿಗೇ, ಕೈ ಹಿಂದೆ ಕಟ್ಟಿ, ಅಕ್ಕ ತಳ್ಳುವುದನ್ನು ನೋಡುತ್ತ ನಿಲ್ಲಬೇಕು. ಅತ್ತೆ ಬಾಯಿ ಬಿಡಬಾರದು. ನಾನು ಕೈ ಬಿಡಬಾರದು. ಇಬ್ಬರಿಗೂ ಒಟ್ಟಿಗೇ ತರಬೇತಿ.

ಮೊದಮೊದಲು ಅತ್ತೆ "ಅಯ್ಯೋ" ಅನ್ನುವರು, ನಾನು ಒಂದು ಹೆಜ್ಜೆ ಮುಂದಿಡುವೆ, ಕೋಚ್ "ನೋ!" ಎಂದು ಕಿರುಚುವನು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಆದರೆ ಆ ಕಣ್ಣು! ಆ ಕಣ್ಣಿಗೆ ಸೆರಗು ಇಲ್ಲವಲ್ಲ. ಬರಬರುತ್ತ ನಾನು ಕಲ್ಲಾದೆ. ಗೋಡೆಯ ಒಂದು ಚುಕ್ಕಿಯಲ್ಲಿ ದೃಷ್ಟಿ ನೆಟ್ಟು, ಇದಕ್ಕೂ ನನಗೂ ಸಂಬಂಧವಿಲ್ಲ ಅಂದುಕೊಳ್ಳುತ್ತ ನಿಂತರೆ ಕಟ್ಟಡ ಬಿದ್ದರೂ ಕದಲುತ್ತಿರಲಿಲ್ಲ. ವಿದ್ಯೆ ಮನೆಗೂ ಬಂತು. ಒಂದು ಸಂಜೆ ಹಾಲು ಉಕ್ಕುತ್ತಿತ್ತು, ನಾನು ನೋಡುತ್ತ ನಿಂತಿದ್ದೆ. ಪಾತ್ರೆ ತೊಳೆಯುತ್ತಿದ್ದ ನನ್ನ ಗಂಡ ಓಡಿಬಂದು ಗ್ಯಾಸ್ ಆರಿಸಿ, "ಏನಾಯ್ತೇ ನಿನಗೆ?" ಅಂದರು.

"ಟ್ರೈನಿಂಗ್" ಅಂದೆ.

ಮೌನ

ಚಾಂಪಿಯನ್‌ಶಿಪ್ಪಿನ ಬೆಳಿಗ್ಗೆ ಅತ್ತೆ ದೇವರ ಮುಂದೆ ಸಂಕಲ್ಪ ಮಾಡಿದರು: ಸೊಸೆಯರು ಗೆರೆ ದಾಟುವ ತನಕ ಮೌನ ವ್ರತ. ನನಗೆ ಕಣ್ಣು ತುಂಬಿತು. ಅತ್ತೆ ಮೌನ ಅಂದರೆ ಸಣ್ಣ ತ್ಯಾಗವಲ್ಲ. ಎಂಆರ್‌ಟಿಯಲ್ಲಿ ಯಾರೋ ಹುಡುಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು, ಅದಕ್ಕೂ ಏನೂ ಅನ್ನಲಿಲ್ಲ.

ಯಾವ ಯಾವ ದೇಶದವರೋ, ತೊಡೆಗಳೇ ಕಂಬದಷ್ಟಿದ್ದವು. ಅಕ್ಕನ ಎದೆಯ ಮೇಲೆ ನಂಬರ್ ಇತ್ತು. ಅವಳು ಅದನ್ನು ಮತ್ತೆ ಮತ್ತೆ ಸವರುತ್ತಿದ್ದಳು. ಸ್ಲೆಡ್ ಬಂತು, ಅಕ್ಕ ತಳ್ಳಿದಳು. ಕಟಕಟೆಯ ಆಚೆ ಅತ್ತೆ, ಸೆರಗು ಬಾಯಲ್ಲಿ. ನಾನು ಕಲ್ಲು. ಜಡ್ಜ್ ನನ್ನನ್ನೇ ನೋಡುತ್ತಿದ್ದ, ಅರ್ಹತಾ ರೇಸಿನವನೇ. ನಾನು ಕದಲಲಿಲ್ಲ. ಹಗ್ಗ, ರೋಯಿಂಗ್ ಮೆಷಿನ್, ಚೀಲ, ಎಲ್ಲ ದಾಟಿದೆವು. ಒಂದು ತಪ್ಪೂ ಇಲ್ಲ. ಆದರೆ ಸಮಯ ಅಂಚಿಗೆ ಬಂದಿತ್ತು, ಅಕ್ಕ ಕುಂಟುತ್ತಿದ್ದಳು.

ಉಳಿದದ್ದು ಚೆಂಡು. ಮೊದಲ ಪಾಲು ಅಕ್ಕನದು, ಆಮೇಲೆ ನನ್ನದು. ಅವಳು ಕುಕ್ಕರಗಾಲಲ್ಲಿ ಕೂತು ಏಳುತ್ತ ಎಸೆಯತೊಡಗಿದಳು. ನಾನು ಕೈ ಹಿಂದೆ ಕಟ್ಟಿ ಚುಕ್ಕಿ ಹುಡುಕಿದೆ. ಸಿಕ್ಕಿತು. ಇದಕ್ಕೂ ನನಗೂ ಸಂಬಂಧವಿಲ್ಲ.

ಅಷ್ಟರಲ್ಲಿ ಅಕ್ಕನ ಮಂಡಿ ಕೈ ಕೊಟ್ಟಿತು. ಚೆಂಡನ್ನು ನನ್ನ ಕಡೆ ಚಾಚಿ "ತಗೋ" ಅಂದಳಂತೆ. "ತಗೊಳ್ಳೇ" ಅಂದಳಂತೆ. ನನಗೆ ಕೇಳಲಿಲ್ಲ. ಅಷ್ಟು ಚೆನ್ನಾಗಿ ಕಲಿತಿದ್ದೆ. ತಲೆಯ ಮೇಲಿನ ಗಡಿಯಾರ ಕೆಂಪಾಗಿ ಮಿನುಗತೊಡಗಿತು, ಕೋಚ್ ತಲೆ ಹಿಡಿದುಕೊಂಡು ಕೂತ, ಜಡ್ಜ್ ಕೂಡ ನನ್ನತ್ತ ಒಂದು ಹೆಜ್ಜೆ ಬಂದ. ನಾನು ಚುಕ್ಕಿಯಲ್ಲಿ ಲೀನ.

"ಏನೇ ಸುಮ್ನೆ ನಿಂತಿದೀಯಾ!!"

ಅದೇ ದನಿ. ಅದೇ ಮಾತು. ವ್ರತ, ಸೆರಗು, ಸಂಕಲ್ಪ ಎಲ್ಲ ಸೀಳಿಕೊಂಡು ಬಂತು. ಮೈಯಲ್ಲಿ ಕರೆಂಟು ಹೊಡೆದ ಹಾಗಾಗಿ ಚೆಂಡು ಕಿತ್ತುಕೊಂಡೆ. ಹೇಗೆ ಎಸೆದೆನೋ! ಕೊನೆಯದು ಗುರುತಿಗೆ ಬಡಿದದ್ದೇ ಅಕ್ಕನ ಕೈ ಹಿಡಿದು ಎಳೆದೆ. ಓಡುವಾಗ ಮುಟ್ಟಬಹುದು, ಅದಕ್ಕೆ ದಂಡವಿಲ್ಲ. ಗಡಿಯಾರ ನಿಲ್ಲುವ ಮೊದಲು ನಾವು ಗೆರೆಯ ಆಚೆ ಬಿದ್ದಿದ್ದೆವು. ಅಕ್ಕ ಬಿದ್ದಲ್ಲೇ ಮಲಗಿ, ನಂಬರಿನ ಮೇಲೆ ಎರಡೂ ಕೈ ಇಟ್ಟುಕೊಂಡು ಅಳುತ್ತಿದ್ದಳು.

ಅತ್ತೆ ಬಂದು ಎರಡೂ ಪದಕ ಇಸಿದುಕೊಂಡು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ತೂಗಿ ನೋಡಿದರು. ಸಮ ಇತ್ತು. ವಾಪಸು ಕೊಟ್ಟರು.

ಆಮೇಲೆ ವ್ರತಭಂಗದ ವಿಷಯ ಎತ್ತಿದರು. "ಮುರಿದಿದ್ದು ನಿಮ್ಮಿಂದ. ಪರಿಹಾರಕ್ಕೆ ನೂರೆಂಟು ಪ್ರದಕ್ಷಿಣೆ. ನೀವೇ ಹಾಕ್ಬೇಕು. ಇವತ್ತೇ."

ದೇವಸ್ಥಾನದ ಮೂರು ಮೆಟ್ಟಿಲು ಹತ್ತುವಾಗ ನಾವಿಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದಿದ್ದೆವು. ಅಕ್ಕ ದೀನಳಾಗಿ ಕೇಳಿದಳು, "ಅತ್ತೆ, ಇದು ಡಬಲ್ಸಾ?"

"ಅಂದ್ರೆ?"

"ಒಬ್ಬಳು ಹಾಕುವಾಗ ಇನ್ನೊಬ್ಬಳು ನಿಂತಿರಬಹುದಾ?"

ಅತ್ತೆ ದೇವರನ್ನು ನೋಡಿದರು, ನಮ್ಮನ್ನು ನೋಡಿದರು. "ನಿಂತಿರಬಹುದು. ಆದ್ರೆ ಸಮ ಪಾಲು. ನಾನು ಎಣಿಸ್ತೀನಿ."

ಅಕ್ಕ ಕುಂಟುತ್ತ ಒಂದು ಸುತ್ತು ಹಾಕಿದಳು. ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ. ಎರಡನೆಯ ಸುತ್ತು ಅರ್ಧ ಆಗಿತ್ತು, ಅತ್ತೆ ತಡೆಯಲಾರದೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಕ್ಕನನ್ನು ಹಿಡಿದು ಕೂರಿಸಿ, "ಕೂತ್ಕೊ ನೀನು, ನಿನ್ನ ಪಾಲಿಂದು ನಾನು ಹಾಕ್ತೀನಿ" ಅಂತ ಹೊರಟೇಬಿಟ್ಟರು. ನೀವೇ ಹೇಳಿ, ಅಷ್ಟು ವಯಸ್ಸಾದ ಅತ್ತೆ ಸುತ್ತುವಾಗ ಸೊಸೆಯರು ನಿಂತು ನೋಡುವುದುಂಟೇ? ನಾನು ಹಿಂದೆ ಬಿದ್ದೆ. ನನ್ನನ್ನು ನೋಡಿ ಅಕ್ಕನೂ ಎದ್ದಳು. ಮೂವರೂ ಒಟ್ಟಿಗೇ ಸುತ್ತಿದೆವು, ಯಾರೂ ಸೀಟಿ ಊದಲಿಲ್ಲ. ಎಷ್ಟಾಯಿತು ಅಂತ ಯಾರಿಗೂ ಲೆಕ್ಕ ಸಿಗಲಿಲ್ಲ. ಎಣಿಸಬೇಕಾದವರೇ ಸುತ್ತುತ್ತಿದ್ದರಲ್ಲ.

ನಿಮಗೆ ಓರಗಿತ್ತಿ ಇದ್ದರೆ ಇದನ್ನು ಅವಳಿಗೆ ಹೇಳಿ, ಅವಳು ಇನ್ನೊಬ್ಬಳಿಗೆ ಹೇಳಲಿ. ಅತ್ತೆ ಹತ್ತಿರದಲ್ಲೇ ಇದ್ದರೆ ಮಾತ್ರ ಸುಮ್ಮನೆ ಕೂತು ಹೇಳಬೇಡಿ. ಕೈಯಲ್ಲಿ ನಾಲ್ಕು ಹುರುಳಿಕಾಯಿಯಾದರೂ ಇರಲಿ.